ಎದೆ ಡವಡವ ಎಂದರೆ ರಕ್ತ ಪರೀಕ್ಷೆಯನ್ನೂ ಮಾಡಿಸಿ

ಆದೋನಿ: ಸುಮ್ಮನೆ ಕುಳಿತಿದ್ದರೂ ಎದೆ ಡವಡವ, ಕೈ ನಡುಕ, ಏದುಸಿರು, ತಲೆಸುತ್ತು. ಇದನ್ನು ನಾವು ಕನ್ನಡದಲ್ಲಿ ಗಾಬರಿ ಎನ್ನುತ್ತೇವೆ, ತೆಲುಗಿನಲ್ಲಿ ಕಂಗಾರು ಎನ್ನುತ್ತೇವೆ. ಕೆಲವರು ದೃಷ್ಟಿ ತೆಗೆಸುತ್ತಾರೆ, ಕೆಲವರು ಟೆನ್ಷನ್ ಎಂದು ಸುಮ್ಮನಾಗುತ್ತಾರೆ. ಸಾಲ, ಮಳೆ, ಹತ್ತಿಯ ದರ ಹೀಗೆ ಚಿಂತೆಗೆ ಕಾರಣಗಳು ಇದ್ದೇ ಇವೆ. ಆದರೆ ಇದೇ ಲಕ್ಷಣಗಳು ರಕ್ತ ಕಡಿಮೆಯಾದಾಗಲೂ ಬರುತ್ತವೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ರಕ್ತ ಕಡಿಮೆಯಾದರೆ ಏನಾಗುತ್ತದೆ?

ದೇಹಕ್ಕೆ ಆಮ್ಲಜನಕ ಸಾಗಿಸುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಅದು ಕಡಿಮೆಯಾದರೆ ಹೃದಯ ಹೆಚ್ಚು ಬಡಿದು ಕೊರತೆ ತುಂಬಿಸಲು ನೋಡುತ್ತದೆ. ಆ ಬಡಿತಕ್ಕೇ ಮನಸ್ಸು ಇನ್ನಷ್ಟು ಹೆದರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 58.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂ, ಗಂಡಸರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ.

ಖಾಲಿ ಹೊಟ್ಟೆಗೆ ಚಹಾ

ಹೊಲದ ಕೆಲಸಕ್ಕೆ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋದಾಗ ಹೊತ್ತಿಗೆ ಸರಿಯಾಗಿ ಊಟ ಸಿಗುವುದಿಲ್ಲ. ಬಹಳ ಹೊತ್ತು ಹಸಿದಿದ್ದರೆ ಕೆಲವರಿಗೆ ಬೆವರು, ನಡುಕ ಬರುತ್ತದೆ. ಹಸಿವು ಕಟ್ಟಲು ಮೇಲಿಂದ ಮೇಲೆ ಚಹಾ ಕುಡಿದರೆ ಅದರಲ್ಲಿರುವ ಕೆಫೀನ್ ಎದೆಬಡಿತ ಹೆಚ್ಚಿಸಿ, ನಿದ್ದೆ ಕೆಡಿಸುತ್ತದೆ. ಊಟದ ಜೊತೆಗೇ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದೂ ಕಡಿಮೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ.

ಏನು ತಿನ್ನಬೇಕು?

ದುಬಾರಿ ಟಾನಿಕ್ ಬೇಕಿಲ್ಲ. ಸಜ್ಜೆ ರೊಟ್ಟಿ, ಹುರುಳಿ (ಉಲವಲು), ನುಗ್ಗೆಸೊಪ್ಪು (ಮುನಗಾಕು), ಕಾಳು, ಶೇಂಗಾ ನಮ್ಮಲ್ಲೇ ಸಿಗುತ್ತವೆ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ತಿನ್ನುವವರಿಗೆ ಮಾಂಸ, ಮೀನು ಒಳ್ಳೆಯದು. ಬಿ12 ಜೀವಸತ್ವ ಸೊಪ್ಪು-ಕಾಳಿನಲ್ಲಿ ಸಿಗುವುದಿಲ್ಲ. ಮಾಂಸ ತಿನ್ನದವರು ಹಾಲು, ಮೊಸರು ಬಿಡಬಾರದು.

ಆದರೆ ಯಾವುದೋ ಒಂದು ಪದಾರ್ಥ ತಿಂದರೆ ಆತಂಕ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಊಟ ಸಹಾಯ ಮಾಡುತ್ತದೆ, ಚಿಕಿತ್ಸೆಯ ಬದಲಿಗೆ ನಿಲ್ಲುವುದಿಲ್ಲ. ರಕ್ತ ತೀರಾ ಕಡಿಮೆ ಇದ್ದರೆ ಊಟವೊಂದೇ ಸಾಲದು, ಮಾತ್ರೆ ಬೇಕು.

ಮೊದಲು ಏನು ಮಾಡಬೇಕು?

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ ಇವೇ ಲಕ್ಷಣ ಕಾಣುವುದರಿಂದ ಅದನ್ನೂ ವೈದ್ಯರಲ್ಲಿ ಕೇಳಿ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ. ಎದೆನೋವಿನ ಜೊತೆ ಉಸಿರು ಕಟ್ಟಿದರೆ ಕಾಯದೆ 108ಕ್ಕೆ ಕರೆ ಮಾಡಿ.

ರಕ್ತ ಸರಿಯಿದ್ದೂ ಗಾಬರಿ ಹೋಗದಿದ್ದರೆ ಅದು ನಾಚಿಕೆಪಡುವ ವಿಷಯವಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುವ ವ್ಯವಸ್ಥೆ ಇದೆ.