ಇದ್ದ ಮನೆಯಲ್ಲೇ ಮುಪ್ಪು

ಮುಪ್ಪಿನ ವಿಚಾರವಾಗಿ ಮಾತನಾಡುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಹಿಂದಿನ ಅವಿಭಕ್ತ ಕುಟುಂಬವನ್ನು ನೆನೆದು ನಿಟ್ಟುಸಿರು ಬಿಡುವುದು ಒಂದು. ವೃದ್ಧಾಶ್ರಮಗಳ ಹೆಸರೆತ್ತಿ ಇಂದಿನ ಮಕ್ಕಳನ್ನು ಬೈಯುವುದು ಇನ್ನೊಂದು. ನಾನು ಈ ಎರಡನ್ನೂ ಬಿಟ್ಟು ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಎಂಬತ್ತು ದಾಟಿದ ಒಬ್ಬ ಹೆಂಗಸು ತಾನು ಬಾಳಿದ ಮನೆಯಲ್ಲೇ, ತನ್ನ ಬೀದಿಯಲ್ಲೇ ಕೊನೆಯವರೆಗೂ ಇರಬೇಕೆಂದು ಬಯಸಿದರೆ, ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನವನ್ನು ಅವಳು ಕ್ಷೇಮವಾಗಿ ದಾಟಲು ಏನೇನು ಬೇಕು?

ನಮ್ಮ ಹುಣಸೂರು ಉಪವಿಭಾಗದ ನಾಲ್ಕು ಹಳೆಯ ತಾಲ್ಲೂಕುಗಳು, ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಬಿಸಿಲಿಗೆ ಹೆಸರಾದ ಸೀಮೆಯಲ್ಲ. ಬಿಸಿಲೆಂದರೆ ರಾಯಚೂರು, ಕಲಬುರಗಿ. ನಮ್ಮದು ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಾವೇರಿ, ನಡುವೆ ಲಕ್ಷ್ಮಣತೀರ್ಥ ಇರುವ ತಂಪು ನೆಲವೆಂದೇ ನಾವು ಹೇಳಿಕೊಂಡು ಬಂದವರು. ಈಗ ಆ ಹೆಮ್ಮೆಯೇ ನಮಗೆ ಮುಳುವಾಗಿದೆ. ಬಿಸಿಲನಾಡಿನವರಿಗೆ ಬಿಸಿಲಿನೊಡನೆ ಬಾಳುವ ಶಿಸ್ತು ಮೈಗೂಡಿರುತ್ತದೆ; ಹೊತ್ತೇರುವ ಮುನ್ನವೇ ಕೆಲಸ ಮುಗಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ. ನಾವಾದರೋ ‘ಗಾಳಿ ಬರಲಿ’ ಎಂದು ನಡುಹಗಲಿನಲ್ಲಿ ಕಿಟಕಿ ತೆರೆದಿಟ್ಟು ಕಾದ ಗಾಳಿಯನ್ನು ಒಳಗೆ ಕರೆಯುತ್ತೇವೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಅದರ ಬೆನ್ನಿಗೇ ಬಂದ 2024ರ ಬೇಸಗೆಯಲ್ಲಿ ಬೆಂಗಳೂರಿನ ಉಷ್ಣಾಂಶವೇ 38 ಡಿಗ್ರಿಯನ್ನು ದಾಟಿತು. ನಾನು ಹೇಳಹೊರಟಿರುವ ಘಟನೆ ಆ ಬೇಸಗೆಯದು.

ಹುಣಸೂರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಆಗ ಅವರಿಗೆ ಎಂಬತ್ತೆರಡು. ಮಾವ ಹೋಗಿ ಬಹಳ ವರ್ಷಗಳಾದವು. ಒಬ್ಬನೇ ಮಗ ಬೆಂಗಳೂರಿನಲ್ಲಿದ್ದಾನೆ. ಕೆಟ್ಟವನಲ್ಲ, ತಾಯಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡವನು. ಆ ಪ್ರೀತಿಯಿಂದಲೇ ಹಳೆಯ ಹೆಂಚಿನ ಮನೆಯ ಮುಂಭಾಗವನ್ನು ಕೆಡವಿ ಅಮ್ಮನಿಗೆಂದು ಒಂದು ತಾರಸಿ ಕೋಣೆ ಕಟ್ಟಿಸಿದ. ಉಳಿದ ಜಗಲಿಗೆ ಕಳ್ಳರ ಭಯವೆಂದು ಕಬ್ಬಿಣದ ಗ್ರಿಲ್ ಹಾಕಿಸಿದ. ಬಚ್ಚಲು, ಪಾಯಖಾನೆ ಮಾತ್ರ ಹಿತ್ತಲಿನಲ್ಲೇ ಉಳಿದುವು. ಅಲ್ಲಿಗೆ ಹೋಗಲು ಮೂರು ಮೆಟ್ಟಿಲು ಇಳಿಯಬೇಕು.

ಏಪ್ರಿಲ್ ಕೊನೆಯ ಒಂದು ದಿನ, ಸಂಜೆ ನಾಲ್ಕು ಗಂಟೆ. ದಿನವೂ ಆ ಹೊತ್ತಿಗೆ ಬರುವ ಹೂವಿನವಳು ಗ್ರಿಲ್ಲಿನ ಹೊರಗೆ ನಿಂತು ‘ಅಮ್ಮಾವ್ರೇ’ ಎಂದು ಕರೆದಳು. ಉತ್ತರ ಬರಲಿಲ್ಲ. ಮಲಗಿರಬಹುದೆಂದು ಹೂವನ್ನು ಕಂಬಿಗೆ ಸಿಕ್ಕಿಸಿ ಹೋಗಿದ್ದರೆ ಈ ಮಾತು ಬೇರೆ ರೀತಿ ಮುಗಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಎದುರುಮನೆಯ ಮೇಷ್ಟರನ್ನು ಎಬ್ಬಿಸಿದಳು. ಅವರ ಬಳಿ ಒಂದು ಬೀಗದಕೈ ಇತ್ತು. ಒಳಗೆ ಅತ್ತೆ ಮಂಚದ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು, ಚರ್ಮ ಒಣಗಿತ್ತು, ಮಾತು ತೊದಲುತ್ತಿತ್ತು. ಮೇಷ್ಟರನ್ನೇ ತಮ್ಮ ಅಣ್ಣನೆಂದು ತಿಳಿದು ಮಾತನಾಡಿಸಿದರಂತೆ. ಹೂವಿನವಳೂ ಮೇಷ್ಟರೂ ಸೇರಿ ಅವರನ್ನು ಹಿಂದಿನ ಹೆಂಚಿನ ಹಜಾರಕ್ಕೆ ಸಾಗಿಸಿ, ಒದ್ದೆ ಬಟ್ಟೆ ಹೊದಿಸಿ, ಕುತ್ತಿಗೆಗೂ ಕಂಕುಳಿಗೂ ತಣ್ಣೀರು ಹಚ್ಚಿ, ಗಾಳಿ ಬೀಸುತ್ತ ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ಅತ್ತೆ ಬದುಕಿದರು. ಮೈಯನ್ನು ತಕ್ಷಣ ತಂಪು ಮಾಡಿದ್ದೇ ಉಳಿಸಿತು ಎಂದರು ವೈದ್ಯರು. ತೊದಲುವವರ ಬಾಯಿಗೆ ಆತುರದಲ್ಲಿ ನೀರು ಹಾಕದೆ ಇದ್ದದ್ದೂ ಒಳ್ಳೆಯದಾಯಿತಂತೆ. ಅದು ಉಸಿರ್ನಾಳಕ್ಕೆ ಹೋಗಿಬಿಡಬಹುದಿತ್ತು.

ಮಾರನೆಯ ದಿನ ನಾನು ಹೋಗಿ, ‘ಅತ್ತೆ, ನೀರು ಯಾಕೆ ಕುಡಿಯಲಿಲ್ಲ?’ ಎಂದು ಕೇಳಿದೆ. ಅವರು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. ‘ಕುಡಿದರೆ ಹಿತ್ತಲಿಗೆ ಹೋಗಬೇಕಲ್ಲಪ್ಪಾ. ಆ ಮೂರು ಮೆಟ್ಟಿಲು ನೆನೆಸಿಕೊಂಡರೆ ಬಾಯಾರಿಕೆಯೇ ಆಗೋದಿಲ್ಲ.’

ಈ ಮಾತಿನಲ್ಲಿ ವೈದ್ಯಶಾಸ್ತ್ರವೂ ಇದೆ, ವಾಸ್ತುಶಿಲ್ಪವೂ ಇದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ನಿಜವಾಗಿಯೂ ಕುಂದುತ್ತದೆ. ಮೈಗೆ ನೀರು ಬೇಕಾಗಿದ್ದರೂ ಮಿದುಳಿಗೆ ಆ ಸುದ್ದಿ ತಡವಾಗಿ ಮುಟ್ಟುತ್ತದೆ. ಬೆವರು ಕಡಿಮೆ, ಚರ್ಮದ ಕಡೆಗೆ ಹರಿದು ಕಾವನ್ನು ಹೊರಹಾಕಬೇಕಾದ ರಕ್ತವೂ ಕಡಿಮೆ. ಇವುಗಳ ಜೊತೆಗೆ ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಇಳಿಸುತ್ತವೆ. ಅತ್ತೆ ನುಂಗುತ್ತಿದ್ದದ್ದು ಅಂಥದೇ ಮಾತ್ರೆ. ಅದನ್ನು ತಾವಾಗಿಯೇ ನಿಲ್ಲಿಸಬಾರದು. ಆದರೆ ಯುಗಾದಿಗೆ ಮುಂಚೆ ಒಮ್ಮೆ ವೈದ್ಯರ ಬಳಿ ಹೋಗಿ ‘ಬೇಸಗೆ ಬರುತ್ತಿದೆ, ಪ್ರಮಾಣ ಸರಿಯಾಗಿದೆಯೇ’ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ. ಫ್ಯಾನನ್ನು ನಂಬಿಕೊಂಡಿರುವವರೂ ಒಂದು ಸಂಗತಿ ತಿಳಿದಿರಬೇಕು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ, ಅಷ್ಟೆ. ಬೆವರೇ ಬಾರದ ಮೈಮೇಲೆ, ಮೈಗಿಂತ ಬಿಸಿಯಾದ ಗಾಳಿಯನ್ನು ಅದು ಬೀಸಿದರೆ ಒಲೆಗೆ ತಿದಿ ಒತ್ತಿದಂತೆ. ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಫ್ಯಾನಿನ ಕೆಳಗೆ ಕುಳಿತರೆ ಮಾತ್ರ ಪ್ರಯೋಜನ.

ಇನ್ನು ಮನೆಯ ವಿಷಯ. ಹೆಂಚಿನ ಮಾಡಿನ ಸಂದುಗಳಿಂದ ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತದೆ. ತೊಟ್ಟಿಮನೆಯಲ್ಲಂತೂ ನಡುವಣ ತೊಟ್ಟಿಯೇ ಒಂದು ಹೊಗೆಗೂಡು. ತಾರಸಿ ಹಾಗಲ್ಲ. ಹಗಲೆಲ್ಲ ಬಿಸಿಲನ್ನು ಕುಡಿದ ಕಾಂಕ್ರೀಟು ರಾತ್ರಿಯೆಲ್ಲ ಅದನ್ನು ಕೆಳಗೆ ಮಲಗಿದವರ ಮೇಲೆ ಸುರಿಯುತ್ತದೆ. ಮುದುಕರಿಗೆ ಹಗಲಿನ ಝಳಕ್ಕಿಂತ ಆರದ ರಾತ್ರಿಯೇ ಹೆಚ್ಚು ದಣಿವು ತರುತ್ತದೆ. ಮೈಗೆ ಸುಧಾರಿಸಿಕೊಳ್ಳಲು ಎಡೆಯೇ ಸಿಕ್ಕುವುದಿಲ್ಲ. ಹೊಗೆಸೊಪ್ಪಿನ ಹಣ ಬಂದ ಮೇಲೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಾರಸಿ ಮನೆ ಅಂತಸ್ತಿನ ಗುರುತಾಯಿತು. ಅದನ್ನು ಹಳಿಯಲಾರೆ; ಮಳೆಗಾಲದಲ್ಲಿ ಸೋರುವ ಹೆಂಚನ್ನು ವರ್ಷ ವರ್ಷ ಕೈಯಾಡಿಸಿದವರಿಗೆ ಗೊತ್ತು ಅದರ ಕಷ್ಟ. ಆದರೆ ತಾರಸಿಯ ಮೇಲೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿ ಎದ್ದಾಗ ವಾಡಿಕೆಗಿಂತ 1344 ಮಂದಿ ಹೆಚ್ಚಾಗಿ ಸತ್ತರೆಂದು ಅಧ್ಯಯನವೊಂದು ಲೆಕ್ಕ ಹಾಕಿತು. ಆ ಮೇಲೆ, 2013ರಲ್ಲಿ, ಆ ನಗರ ಬಿಸಿಲಿಗೆಂದೇ ಒಂದು ಕಾರ್ಯಯೋಜನೆಯನ್ನು ರೂಪಿಸಿತು. ಬಡವರ ಮನೆಗಳ ಮಾಡಿಗೆ ಸುಣ್ಣ ಬಳಿಯುವುದು ಮುಂದೆ ಅದರ ಒಂದು ಭಾಗವೇ ಆಯಿತು.

ಆಸ್ಪತ್ರೆಯಿಂದ ಬಂದ ಅತ್ತೆಯನ್ನು ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಒಂಬತ್ತನೆಯ ಅಂತಸ್ತು, ತಂಪು ಯಂತ್ರ, ಕೋಣೆಗೆ ಅಂಟಿದ ಬಚ್ಚಲು. ನನಗೂ ಸಮಾಧಾನವಾಯಿತು. ಮೂರು ವಾರಕ್ಕೆ ಅತ್ತೆ ಹಟ ಹಿಡಿದು ಹಿಂದಿರುಗಿದರು. ನಾನು ಸ್ವಲ್ಪ ಕೋಪದಿಂದಲೇ ಕಾರಣ ಕೇಳಿದೆ. ‘ಅಲ್ಲಿ ಬಾಗಿಲು ತೆಗೆದರೆ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು ಕಣೋ. ನಾನು ಇದೀನೋ ಇಲ್ಲವೋ ಅಂತ ನೋಡೋಕೆ ಯಾರೂ ಇಲ್ಲ. ಮಗ ಸೊಸೆ ಬರೋದು ರಾತ್ರಿ ಎಂಟಕ್ಕೆ’ ಎಂದರು. ಮುದುಕಿಯ ಹಟವೆಂದು ಅದನ್ನು ತಳ್ಳಿಹಾಕಲು ನಾನು ಸಿದ್ಧನಾಗಿದ್ದೆ. ಆಮೇಲೆ ಒಂದು ಪುಸ್ತಕ ಓದಿ ಮೆತ್ತಗಾದೆ.

1995ರ ಜುಲೈನಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಬಿಸಿಲಿನ ಹೊಡೆತಕ್ಕೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಬಹುಮಂದಿ ಮುದುಕರು, ಒಂಟಿಗರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2002ರಲ್ಲಿ ಒಂದು ಗ್ರಂಥ ಬರೆದರು. ಅದರಲ್ಲಿ ಅಕ್ಕಪಕ್ಕದ ಎರಡು ಬಡಾವಣೆಗಳ ಹೋಲಿಕೆ ಬರುತ್ತದೆ. ಎರಡೂ ಬಡವರವೇ, ಬಿಸಿಲೂ ಒಂದೇ. ಒಂದರಲ್ಲಿ ಲಕ್ಷಕ್ಕೆ ನಲವತ್ತು ಸಾವು, ಇನ್ನೊಂದರಲ್ಲಿ ನಾಲ್ಕು. ಮೊದಲನೆಯ ಬಡಾವಣೆಯಲ್ಲಿ ಅಂಗಡಿಗಳು ಮುಚ್ಚಿಹೋಗಿದ್ದವು, ಬೀದಿ ಬರಿದಾಗಿತ್ತು, ಮುದುಕರು ಭಯದಿಂದ ಅಗುಳಿ ಹಾಕಿಕೊಂಡು ಒಳಗೇ ಇದ್ದರು. ಎರಡನೆಯದರಲ್ಲಿ ಬೀದಿಯ ತುಂಬ ಅಂಗಡಿ, ಓಡಾಟ, ಮಾತು. ಮುದುಕರು ಹೊರಗೆ ಬರುತ್ತಿದ್ದರು, ಬಾರದಿದ್ದರೆ ಗೊತ್ತಾಗುತ್ತಿತ್ತು. ಫ್ರಾನ್ಸಿನಲ್ಲಿ 2003ರ ಆಗಸ್ಟ್ ಬಿಸಿಲಿಗೆ ಹದಿನೈದು ಸಾವಿರದಷ್ಟು ಜನ ಸತ್ತಾಗಲೂ ಹೆಚ್ಚಿನವರು ವೃದ್ಧರೇ. ಅದು ಅಲ್ಲಿನವರು ರಜೆಗೆಂದು ಊರು ಬಿಡುವ ತಿಂಗಳು.

ಅತ್ತೆ ಓದಿದ್ದು ಲೋವರ್ ಸೆಕೆಂಡರಿ. ಷಿಕಾಗೋದ ವಿದ್ವಾಂಸರು ಕಂಡದ್ದನ್ನು ಅವರು ಮೂರು ವಾರದಲ್ಲಿ ಕಂಡುಕೊಂಡಿದ್ದರು.

ಹಾಗೆ ನೋಡಿದರೆ ನಮ್ಮಲ್ಲಿ ಜಗಲಿ ಎಂಬುದು ಮನೆಯ ಭಾಗವಾಗಿದ್ದಷ್ಟೇ ಬೀದಿಯ ಭಾಗವೂ ಆಗಿತ್ತು. ಮುದುಕರು ಅಲ್ಲಿ ಕೂತಿರುತ್ತಿದ್ದರು. ಹೋಗಿಬರುವವರು ಅವರನ್ನು ನೋಡುತ್ತಿದ್ದರು, ಅವರು ಹೋಗಿಬರುವವರನ್ನು ನೋಡುತ್ತಿದ್ದರು. ಯಾರು ಯಾರನ್ನು ಕಾಯುತ್ತಿದ್ದರೆಂದು ಹೇಳುವುದು ಕಷ್ಟ. ಚೈತ್ರದಲ್ಲಿ ರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿ, ದಾರಿಹೋಕರಿಗೆ ಅರವಟ್ಟಿಗೆ. ಬೆಲ್ಲ, ಉಪ್ಪು, ನೀರು ಮೂರನ್ನೂ ಸಂಕೋಚವಿಲ್ಲದೆ ಜನರ ಬಾಯಿಗೆ ಮುಟ್ಟಿಸುವ ಏರ್ಪಾಟು ಅದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಇದರ ಇನ್ನೊಂದು ರೂಪವನ್ನು ಕಂಡಿದ್ದೇನೆ. 1961ರಲ್ಲಿ ಅಲ್ಲಿ ನೆಲೆ ನಿಂತ ಟಿಬೆಟ್ಟಿನವರಲ್ಲಿ ಅಂದಿನ ತರುಣರು ಇಂದು ಮುದುಕರು. ಅವರ ಮೊಮ್ಮಕ್ಕಳಲ್ಲಿ ಅನೇಕರು ದೂರದೇಶಗಳಲ್ಲಿದ್ದಾರೆ. ಆ ಮುದುಕರು ಬೆಳಗಿನ ತಂಪಿನಲ್ಲಿ ಜಪಮಾಲೆ, ಜಪಚಕ್ರ ಹಿಡಿದು ಮಠದ ಸುತ್ತ ಪ್ರದಕ್ಷಿಣೆ ಬರುತ್ತಾರೆ. ಪುಣ್ಯದ ಲೆಕ್ಕ ನನಗೆ ತಿಳಿಯದು. ದಿನವೂ ಜೊತೆಗೆ ನಡೆಯುವವರಲ್ಲಿ ಒಬ್ಬರು ಒಂದು ದಿನ ಬಾರದಿದ್ದರೆ ಉಳಿದವರ ಗಮನಕ್ಕೆ ಬಾರದೆ ಇರದು, ಅದಂತೂ ನಿಜ.

ಎಲ್ಲ ಕಡೆಯೂ ಹೀಗಿಲ್ಲ. ಕೃಷ್ಣರಾಜನಗರವನ್ನು 1924ರ ಪ್ರವಾಹದಲ್ಲಿ ಎಡತೊರೆ ಮುಳುಗಿದ ಮೇಲೆ ಹೊಸದಾಗಿ ಕಟ್ಟಿದ್ದು. ರಸ್ತೆಗಳು ಅಗಲ, ನೇರ, ನೋಡಲು ಚೆಂದ; ಮಧ್ಯಾಹ್ನ ಅವುಗಳನ್ನು ದಾಟಬೇಕಾದ ಮುದುಕರಿಗೆ ಮಾತ್ರ ನೆರಳು ದೂರ. ಹೆಗ್ಗಡದೇವನಕೋಟೆಯ ಕಡೆ, ಕಾಡಂಚಿನ ಹಾಡಿಗಳಿಂದ ದುಡಿಯುವವರು ಕಾಫಿ ಕೊಯ್ಲಿಗೆ ಕೊಡಗಿಗೆ ಹೊರಟರೆ ಮುದುಕರೂ ಮಕ್ಕಳೂ ಉಳಿಯುತ್ತಾರೆ. ಅಲ್ಲಿ ತಾರಸಿಯ ಪ್ರಶ್ನೆಯೇ ಇಲ್ಲ. ಶೀಟಿನ ಮಾಡು, ದೂರದ ನೀರು. ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 2021ರಲ್ಲಿ 1200 ರೂಪಾಯಿಗೆ ಏರಿತು. ಆ ಹಣ ತರಲು ಬಿಸಿಲಿನಲ್ಲಿ ಎಷ್ಟು ದೂರ ನಡೆಯಬೇಕೆಂಬುದೂ ಲೆಕ್ಕಕ್ಕೆ ಸೇರಬೇಕಾದ ವಿಷಯ.

ಇದ್ದ ಮನೆಯಲ್ಲೇ ಇರಬೇಕಾದರೆ ಮನೆ ತನ್ನದಾಗಿ ಉಳಿದಿರಬೇಕು. ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆಯ ಪ್ರಕಾರ ಹುಣಸೂರಿನ ಉಪವಿಭಾಗಾಧಿಕಾರಿಗಳೇ ಈ ತಾಲ್ಲೂಕುಗಳಿಗೆಲ್ಲ ನ್ಯಾಯಮಂಡಳಿಯ ಅಧ್ಯಕ್ಷರು. ನೋಡಿಕೊಳ್ಳುವುದಾಗಿ ಒಪ್ಪಿ ಮನೆ ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದು ಮಾಡುವ ಅಧಿಕಾರ ಆ ಮಂಡಳಿಗಿದೆ. ಆದರೆ ಅಂಥ ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದ್ದರಿಂದ ಮಕ್ಕಳ ಹೆಸರಿಗೆ ಮನೆ ಬರೆಯುವ ಹಿರಿಯರು ‘ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲನ್ನು ಪತ್ರದಲ್ಲೇ ಬರೆಸಲಿ. ಮಕ್ಕಳ ಮೇಲೆ ಅಪನಂಬಿಕೆಯೇ ಎಂದು ಯಾರಾದರೂ ಕೇಳಿದರೆ, ವಕೀಲರು ಹೇಳಿದರು ಎಂದುಬಿಡಬಹುದು.

ಅತ್ತೆಯ ಮನೆಯಲ್ಲಿ ನಾವು ಮಾಡಿದ್ದು ಇಷ್ಟು. ಮೂರು ಮೆಟ್ಟಿಲುಗಳನ್ನು ತೆಗೆದು ಇಳಿಜಾರು ಮಾಡಿಸಿದೆವು, ಗೋಡೆಗೆ ಹಿಡಿಕಂಬಿ, ದಾರಿಗೆ ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪ. ತಾರಸಿಗೆ ಸುಣ್ಣ. ಮಾರ್ಚಿಯಿಂದ ಮೇವರೆಗೆ ಮಂಚ ಹೆಂಚಿನ ಹಜಾರಕ್ಕೆ. ನೀರನ್ನು ಬಾಯಾರಿಕೆ ನೋಡಿ ಅಲ್ಲ, ಗಡಿಯಾರ ನೋಡಿ ಕುಡಿಯುವುದು. ವೈದ್ಯರು ದಿನಕ್ಕೆ ಎಷ್ಟೆಂದು ಹೇಳಿದ್ದರೋ ಅಷ್ಟನ್ನು ಬೆಳಗ್ಗೆಯೇ ಹೂಜಿಗೆ ತುಂಬಿಡುತ್ತಾರೆ. ಸಂಜೆಗೆ ಅದು ಖಾಲಿಯಾಗಿರಬೇಕು. ಮಗ ಮಧ್ಯಾಹ್ನ ಎರಡಕ್ಕೆ ಫೋನು ಮಾಡುತ್ತಾನೆ. ಎಲ್ಲಕ್ಕಿಂತ ಹೆಚ್ಚು ವಾದ ನಡೆದದ್ದು ಗ್ರಿಲ್ಲಿನ ಬಗ್ಗೆ. ಅವನು ಕಳ್ಳರ ಮಾತು ಹೇಳಿದ, ಅತ್ತೆ ಹೂವಿನವಳ ಮಾತು ಹೇಳಿದರು. ಕೊನೆಗೆ ಗ್ರಿಲ್ಲನ್ನು ಹಿಂದಕ್ಕೆ, ಬಾಗಿಲ ಬಳಿಗೆ ಸರಿಸಿ ಜಗಲಿಯನ್ನು ಬೀದಿಗೆ ಬಿಟ್ಟುಕೊಟ್ಟೆವು. ಈಗ ಅಲ್ಲಿ ಒಂದು ಬೆತ್ತದ ಕುರ್ಚಿ ಇದೆ, ಒಂದು ಮಣ್ಣಿನ ಹೂಜಿ, ಎರಡು ಲೋಟ. ಎರಡನೆಯ ಲೋಟ ಯಾರಿಗೆಂದು ಗೊತ್ತುಪಡಿಸಿಲ್ಲ.

ಕಳೆದ ಬಾರಿ ನಾನು ಹೋದಾಗ ನಾಲ್ಕು ಗಂಟೆಯಾದರೂ ಹೂವಿನವಳು ಬರಲಿಲ್ಲ. ಅವಳಿಗೂ ಅರವತ್ತು ದಾಟಿದೆ, ಮೊಣಕಾಲು ನೋವು. ಅತ್ತೆ ಹತ್ತು ನಿಮಿಷ ಕಾದು ನೋಡಿದರು. ಆಮೇಲೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಕೋಲು ಹುಡುಕಿ, ನನ್ನನ್ನು ಜಗಲಿಯಲ್ಲೇ ಕೂರಿಸಿ, ಬೀದಿಯ ನೆರಳು ಬಿದ್ದ ಮಗ್ಗುಲನ್ನು ಹಿಡಿದು ಅವಳ ಮನೆಯ ಕಡೆಗೆ ಹೊರಟರು.