ಕಲಿಕೆಯ ಫಲವನ್ನು ಅಳೆಯುವವರು ಯಾರು?

ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳು ಪದವೀಧರರನ್ನು ಕೆಲಸಕ್ಕೆ ಸೇರಿಸಿಕೊಂಡ ಬಳಿಕ ಅವರಿಗೆ ತಿಂಗಳುಗಟ್ಟಲೆ ಪುನಃ ಪಾಠ ಹೇಳುವುದು ವಾಚಕರು ಬಲ್ಲ ಸಂಗತಿಯೇ. ಇನ್ಫೋಸಿಸ್ ಸಂಸ್ಥೆಯು ಇದಕ್ಕೆಂದು ಮೈಸೂರಿನಲ್ಲಿ ಒಂದು ವಿದ್ಯಾನಗರವನ್ನೇ ಕಟ್ಟಿಕೊಂಡಿರುವುದು. ತಂದೆತಾಯಿಗಳು ಒಡವೆ ಒತ್ತೆಯಿಟ್ಟು ತಂದ ಹಣದಿಂದ ನಾಲ್ಕು ವರ್ಷ ಓದಿದ ತರುಣನು ಮತ್ತೆ ಮೊದಲಿನಿಂದ ಕಲಿಯಬೇಕಾದರೆ, ಕಾಲೇಜಿನಲ್ಲಿ ಅವನಿಗೆ ದೊರೆತುದಾದರೂ ಏನು?

ಲೆಕ್ಕವೇನೋ ಬೇಕಾದಷ್ಟು ಉಂಟು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಪಡೆದಂದಿನಿಂದ, ಮಾನ್ಯತೆಯನ್ನು ಬಯಸುವ ಇಂಜಿನಿಯರಿಂಗ್ ಕಾಲೇಜುಗಳು ‘ಕಲಿಕೆಯ ಫಲ’ಗಳನ್ನು ಬರೆದು ತೋರಿಸಬೇಕಾಗಿದೆ. ಪ್ರತಿ ವಿಷಯದ ಫಲಕ್ಕೂ ಪದವಿಯ ಫಲಕ್ಕೂ ಇರುವ ಸಂಬಂಧವನ್ನು 1, 2, 3 ಎಂಬ ಅಂಕಿಗಳಿಂದ ಗುರುತಿಸಿ ಅಧ್ಯಾಪಕರು ಕೋಷ್ಟಕಗಳನ್ನು ತುಂಬುವರು. ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಒಪ್ಪಿಸಿದುದೂ ಇದೇ ಬಗೆಯದು. ಬಾಯಿಗೆ ಬಂದಿತೇ ಎಂದು ಕೇಳಿದರಲ್ಲದೆ ಬುದ್ಧಿಗೆ ಬಂದಿತೇ ಎಂದು ಯಾರೂ ಕೇಳಲಿಲ್ಲ.

ಈ ಮಾತು ಯುರೋಪಿನಲ್ಲಿ ಯಾವ ಅರ್ಥದಲ್ಲಿ ನಡೆದಿದೆಯೆಂಬುದನ್ನು ನೋಡತಕ್ಕದ್ದು. 1999ರಲ್ಲಿ 29 ರಾಷ್ಟ್ರಗಳು ಬೊಲೊನ್ಯಾ ನಗರದಲ್ಲಿ ಉಚ್ಚ ಶಿಕ್ಷಣದ ಬಗ್ಗೆ ಒಂದು ಘೋಷಣೆಗೆ ಸಹಿ ಮಾಡಿದುವು. ಅಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯು ಸ್ವತಃ ದುಡಿಯುವ 25ರಿಂದ 30 ಗಂಟೆಗಳು. ತರಗತಿ, ಓದು, ಅಭ್ಯಾಸ ಎಲ್ಲವೂ ಅದರಲ್ಲಿ ಸೇರಿದುವು. ನಮ್ಮ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾದರಿ ಪಠ್ಯಕ್ರಮದಲ್ಲಾದರೋ ವಾರಕ್ಕೆ ಒಂದು ಗಂಟೆಯ ಉಪನ್ಯಾಸವೇ ಒಂದು ಕ್ರೆಡಿಟ್. ಅವರು ಎಣಿಸುವುದು ಕಲಿಯುವವನ ಗಂಟೆಯನ್ನು, ನಾವು ಕಲಿಸುವವನ ಗಂಟೆಯನ್ನು. ಸಾಲದುದಕ್ಕೆ, 2015ರ ಅವರ ಗುಣಮಟ್ಟದ ನಿಯಮಗಳಂತೆ ಹೊರಗಿನ ಪರಿಶೀಲಕರ ತಂಡದಲ್ಲಿ ಒಬ್ಬ ವಿದ್ಯಾರ್ಥಿಯಾದರೂ ಇರಲೇಬೇಕು. ನಮ್ಮಲ್ಲಿ ತಂಡದವರು ವಿದ್ಯಾರ್ಥಿಗಳನ್ನು ಕರೆಸಿ ಮಾತನಾಡಿಸುವುದುಂಟು; ಆಸನವನ್ನು ಮಾತ್ರ ಕೊಟ್ಟಿಲ್ಲ.

ಇದು ನಮ್ಮವರ ಅಳವಿಗೆ ಮೀರಿದುದೆಂದು ಹೇಳುವವರು ಪೀಣ್ಯಕ್ಕೆ ಹೋಗಿ ಬರಲಿ. ಸ್ವಿಟ್ಜರ್ಲೆಂಡಿನವರ ನೆರವಿನಿಂದ ಮಲಬಾರಿನ ನೆಟ್ಟೂರಿನಲ್ಲಿ ಹುಟ್ಟಿ ಪೀಣ್ಯದಲ್ಲಿ ನೆಲೆಗೊಂಡ ಎನ್.ಟಿ.ಟಿ.ಎಫ್. ಸಂಸ್ಥೆಯು ಕಲಿಸುವ ಟೂಲ್‌ರೂಮಿನ ಕಸುಬಿನಲ್ಲಿ ಫಲವೆಂಬುದು ಕಾಗದದಲ್ಲಿಲ್ಲ. ಹುಡುಗನು ಅರದಿಂದ ಉಜ್ಜಿದ ಉಕ್ಕಿನ ತುಂಡನ್ನು ಮೈಕ್ರೋಮೀಟರಿಗೆ ಕೊಟ್ಟೊಡನೆ ತಪ್ಪೆಷ್ಟೆಂಬುದು ಗುರುವಿಗಿಂತ ಮೊದಲು ಅವನಿಗೇ ತಿಳಿಯುವುದು.

2021ರಲ್ಲಿ ಕನ್ನಡದಲ್ಲಿಯೂ ಇಂಜಿನಿಯರಿಂಗ್ ಪಾಠಕ್ಕೆ ಪರಿಷತ್ತಿನ ಅನುಮತಿಯು ದೊರೆಯಿತು. ಫಲಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಮೊದಲ ದಿನವೇ ವಿದ್ಯಾರ್ಥಿಯ ಕೈಗೆ ಕೊಡಲು ಯಾರ ಅನುಮತಿಯೂ ಬೇಕಾಗಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧಿಕಾರಿಗಳು ಇಷ್ಟನ್ನಾದರೂ ಬರುವ ವರ್ಷದ ಆರಂಭಕ್ಕೆ ಮುಂಚೆ ಮಾಡಿಸುವರೇ?