‘ವಾಹಕ’ ಎಂಬ ಪದ: ಕೊಡಗಿನ ಹಾಡಿಗಳು ಮತ್ತು ಕುಡುಗೋಲು ಕಣ ರಕ್ತಹೀನತೆ

ಕನ್ನಡದಲ್ಲಿ ಪಾರಿಭಾಷಿಕ ಪದಗಳ ಚರ್ಚೆ ಬಹುಮಟ್ಟಿಗೆ ಪಠ್ಯಪುಸ್ತಕ ಹಾಗೂ ಪದಕೋಶಗಳ ವಲಯದಲ್ಲಿಯೇ ನಡೆದಿದೆ. ಅಂತಹ ಪದವೊಂದು ಜೀವಂತ ವ್ಯಕ್ತಿಯ ಮೇಲೆ, ಅದರಲ್ಲಿಯೂ ಮದುವೆಯ ಮಾತುಕತೆಯಲ್ಲಿ ಪ್ರಯೋಗವಾದಾಗ ಏನಾಗುತ್ತದೆ ಎಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಈ ದೃಷ್ಟಿಯಿಂದ ‘ವಾಹಕ’ ಎಂಬ ಪದವನ್ನು ಕೊಡಗಿನ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ‘ರಕ್ತಹೀನತೆ’. ಈ ಒಂದೇ ಪದ ಪರಸ್ಪರ ಸಂಬಂಧವಿಲ್ಲದ ಹಲವು ಸ್ಥಿತಿಗಳನ್ನು ಒಳಗೊಳ್ಳುತ್ತದೆ. ಕಬ್ಬಿಣಾಂಶದ ಕೊರತೆಯಿಂದ ಬರುವುದು ಮಾತ್ರೆಯಿಂದ ಗುಣವಾಗುತ್ತದೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಸಾಮಾನ್ಯವಾಗಿ ದೇಹದ ರಕ್ಷಣಾ ಕಣಗಳೇ ಅಸ್ಥಿಮಜ್ಜೆಯ ಮೂಲಕಣಗಳ ಮೇಲೆ ದಾಳಿ ಮಾಡುತ್ತವೆ. ಕೊರಿಯಾ, ಜಪಾನ್ ಮೊದಲಾದ ಕಡೆ ನಡೆದ ಅಧ್ಯಯನಗಳು ಎಚ್‌ಎಲ್‌ಎ-ಡಿಆರ್15 ಎಂಬ ರಕ್ಷಣಾ ಜೀನ್‌ರೂಪಕ್ಕೂ ಈ ರೋಗಕ್ಕೂ ನಂಟನ್ನು ಗುರುತಿಸಿವೆ. ಆದರೆ ಆ ರೂಪವುಳ್ಳ ಬಹುಪಾಲು ಜನರಿಗೆ ರೋಗ ಎಂದೂ ಬರುವುದಿಲ್ಲ. ಅದು ಒಲವನ್ನು ಸೂಚಿಸುತ್ತದೆಯೇ ಹೊರತು ವಿಧಿಯನ್ನಲ್ಲ. ಕುಡುಗೋಲು ಕಣ ರಕ್ತಹೀನತೆಯ ತರ್ಕ ಬೇರೆ. ಇಲ್ಲಿ ಬೀಟಾ ಗ್ಲೋಬಿನ್ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದಿರುತ್ತದೆ. ತಾಯಿ ತಂದೆ ಇಬ್ಬರಿಂದಲೂ ಬದಲಾದ ಪ್ರತಿ ಬಂದರೆ ರೋಗ. ಒಂದೇ ಪ್ರತಿ ಬಂದವರು ಸಾಮಾನ್ಯವಾಗಿ ಆರೋಗ್ಯವಂತರು. ಇವರನ್ನೇ ನಾವು ‘ವಾಹಕರು’ ಎಂದು ಕರೆಯುತ್ತಿದ್ದೇವೆ.

ಈ ಜೀನ್ ಕೊಡಗಿಗೆ ದೂರದ್ದಲ್ಲ. 1952ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು ಗುರುತಿಸಿದರು. ನೀಲಗಿರಿ, ವಯನಾಡು, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳದು ಒಂದಕ್ಕೊಂದು ಹೊಂದಿಕೊಂಡ ಅರಣ್ಯವಲಯ. ಜಿಲ್ಲೆಯ ಗಡಿಗಳು ಜೀನಿಗೆ ಗೊತ್ತಿಲ್ಲ. ದಕ್ಷಿಣ ಕೊಡಗಿನ ಹಾಡಿಗಳಲ್ಲಿ, ಕಾಫಿ ತೋಟದ ಲೈನ್‌ಮನೆಗಳಲ್ಲಿ ನೆಲೆಸಿರುವ ಯರವ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳು ಈ ವಲಯಕ್ಕೆ ಸೇರಿದವು. ಮಲೇರಿಯಾ ಬಾಧಿತ ಕಾಡುಗಳಲ್ಲಿ ಈ ಜೀನ್ ಏಕೆ ಉಳಿದುಬಂತು ಎಂಬುದಕ್ಕೆ 1954ರಲ್ಲಿ ಆಲಿಸನ್ ಪೂರ್ವ ಆಫ್ರಿಕದಿಂದ ಉತ್ತರ ಕೊಟ್ಟರು: ಒಂದು ಪ್ರತಿಯುಳ್ಳವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆಯಿದೆ.

ಕನ್ನಡದ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಆರೋಗ್ಯ ಇಲಾಖೆಯ ಭಾಷೆಯಲ್ಲಿ ಸೊಳ್ಳೆ ‘ರೋಗವಾಹಕ’. ಜೀನ್‌ಗೆ ನಾವು ಕೊಟ್ಟ ಹೆಸರು ‘ವಂಶವಾಹಿ’. ಒಂದು ಪ್ರತಿಯುಳ್ಳ ಯುವತಿ ‘ವಾಹಕಿ’. ಮೂರಕ್ಕೂ ಧಾತು ಒಂದೇ. ಪರಿಣಾಮವಾಗಿ ಮಲೇರಿಯಾ ಹರಡುವ ಕೀಟಕ್ಕೂ, ಅದೇ ಮಲೇರಿಯಾವನ್ನು ತಡೆದುಕೊಂಡ ಪೂರ್ವಿಕರ ಮೊಮ್ಮಗಳಿಗೂ ಒಂದೇ ಪದ! ಸೊಳ್ಳೆ ತಾನು ಕಚ್ಚಿದವರಿಗೆ ರೋಗ ಅಂಟಿಸುತ್ತದೆ. ಈಕೆ ಯಾರಿಗೂ ಏನನ್ನೂ ಅಂಟಿಸುವುದಿಲ್ಲ. ಸೊಳ್ಳೆಯ ವಿಷಯದಲ್ಲಿ ಈ ಪದವನ್ನು ಮೊದಲೇ ಕೇಳಿದವರು ಈ ಭೇದವನ್ನು ತಾವಾಗಿಯೇ ಊಹಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅನೇಕರಿಗೆ ಕನ್ನಡ ಮನೆಯ ಮಾತೂ ಅಲ್ಲ. ಯರವರಿಗೆ ತಮ್ಮದೇ ಭಾಷೆಯಿದೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು 2047ರೊಳಗೆ ಈ ರೋಗವನ್ನು ನಿವಾರಿಸುವ ಗುರಿಯೊಂದಿಗೆ 40 ವರ್ಷದವರೆಗಿನವರ ತಪಾಸಣೆಗೆ ತೊಡಗಿತು. ಫಲಿತಾಂಶವನ್ನು ಕಾರ್ಡಿನಲ್ಲಿ ನಮೂದಿಸಿ, ಮದುವೆಗೆ ಮುನ್ನ ಹೋಲಿಸಿ ನೋಡಲು ಸಲಹೆ ನೀಡುವುದು ಅದರ ಕ್ರಮ. ಇಬ್ಬರಲ್ಲಿಯೂ ಒಂದೊಂದು ಪ್ರತಿಯಿದ್ದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಮಕ್ಕಳಿಗೆ ಈ ರೋಗದ ಭಯವಿಲ್ಲ. ಈ ಎರಡನೆಯ ವಾಕ್ಯವನ್ನು ಮೊದಲನೆಯದರಷ್ಟೇ ದೊಡ್ಡದಾಗಿ ಹೇಳದಿದ್ದರೆ, ಕಾರ್ಡು ಹೆಣ್ಣುಮಗಳೊಬ್ಬಳ ಸಂಬಂಧ ಮುರಿಯುವ ಚೀಟಿಯಾಗಬಹುದು.

‘ಒಂಟಿಪ್ರತಿಯವರು’ ಎಂಬ ಪದವನ್ನು ಪರ್ಯಾಯವಾಗಿ ಸೂಚಿಸಬಹುದು. ಕಿವಿಗೆ ಅಷ್ಟೇನೂ ಇಂಪಲ್ಲ, ಆದರೆ ಯಾರನ್ನೂ ಸೊಳ್ಳೆಯ ಪಕ್ಕದಲ್ಲಿ ನಿಲ್ಲಿಸುವುದಿಲ್ಲ. ಯರವ ಭಾಷೆಯಲ್ಲಿ ಇದಕ್ಕೆ ಏನೆನ್ನಬೇಕೆಂಬುದನ್ನು ಪದಕೋಶದ ಸಮಿತಿಗಿಂತ ಮೊದಲು ಹಾಡಿಯ ಹಿರಿಯರಲ್ಲಿ, ಅಲ್ಲಿನ ಆಶಾ ಕಾರ್ಯಕರ್ತೆಯರಲ್ಲಿ ಕೇಳಬೇಕಾಗಿದೆ.